ಇಳಿಯುವ ಹೊತ್ತಿನ ಗಾಳಿ

ಬಿಸಿಗಾಳಿ ಬಲೂನ್ ಹಾರಿಸಲು ಕಲಿಯುತ್ತಿರುವವರ ಮುಂದೆ ಆಡಿದ ಮಾತು ಇದು. ಆಡುವಾಗ ಅಡ್ಡಾದಿಡ್ಡಿ ಹೋಗಿತ್ತು. ಬರೆಯುವಾಗ ಸ್ವಲ್ಪ ದಾರಿಗೆ ತಂದಿದ್ದೇನೆ, ಪೂರ್ತಿ ತಂದಿಲ್ಲ.

ಶುರುವಿಗೇ ಒಂದು ಪ್ರಶ್ನೆ ಕೇಳಿದೆ. ಬೆಳಗಿನ ಜಾವ, ಸೂರ್ಯ ಹುಟ್ಟಲು ಇನ್ನೂ ಕಾಲು ಗಂಟೆ ಇದೆ. ಮೈದಾನದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಆಕಾಶ ತಿಳಿಯಾಗಿದೆ. ಹಾರುತ್ತೀರಾ?

ಮುಕ್ಕಾಲು ಪಾಲು ಜನ ಕೈ ಎತ್ತಿದರು. ಕಲಿಯುವಾಗ ನಾನೂ ಎತ್ತುತ್ತಿದ್ದೆ. ಈಗ ಎತ್ತುವುದಿಲ್ಲ, ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಇನ್ನು ಒಂದೂವರೆ ಗಂಟೆ ಬಿಟ್ಟು ಗಾಳಿ ಹೇಗಿರುತ್ತದೆ? ಯಾಕಂದ್ರೆ ನಾನು ಇಳಿಯುವುದು ಆಗ. ಏರುವ ಹೊತ್ತಿನ ಗಾಳಿ ಕಣ್ಣೆದುರಿಗೇ ಇದೆ, ಕೆನ್ನೆಗೆ ತಾಗುತ್ತಿದೆ. ಅದನ್ನು ತಿಳಿಯಲು ಮುನ್ಸೂಚನೆ ಯಾಕೆ ಬೇಕು ಹೇಳಿ?

ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿದ್ದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಬೇರೆಯವರಿಗೂ ನಮಗೂ ಇರುವ ವ್ಯತ್ಯಾಸ ನೋಡಿ. ವಿಮಾನ ಹಾರಿಸುವವರಿಗೆ ಗಾಳಿ ಕೆಟ್ಟರೆ ಇನ್ನೊಂದು ರನ್‌ವೇ ಇದೆ, ಇನ್ನೊಂದು ಊರಿದೆ. ನಮಗೆ ಇರುವುದು ಎರಡೇ ಕೆಲಸ. ಬರ್ನರ್ ಎಳೆದು ಮೇಲೆ ಹೋಗುವುದು, ಗಾಳಿ ತಣ್ಣಗಾಗಲು ಬಿಟ್ಟೋ ನೆತ್ತಿಯ ವಾಲ್ವ್ ತೆರೆದೋ ಕೆಳಗೆ ಬರುವುದು. ಅಕ್ಕಪಕ್ಕ ಹೋಗುವುದೆಲ್ಲ ಗಾಳಿಯ ದಯೆ. 1783ರ ನವೆಂಬರ್ 21ರಂದು ಪ್ಯಾರಿಸ್‌ನಲ್ಲಿ ಇಬ್ಬರು ಮೊದಲ ಸಲ ಕಟ್ಟು ಬಿಚ್ಚಿ ಸುಮಾರು 25 ನಿಮಿಷ ಹಾರಿದರಲ್ಲ, ಅವರ ಕೈಯಲ್ಲೂ ಸ್ಟಿಯರಿಂಗ್ ಇರಲಿಲ್ಲ. 1960ರಲ್ಲಿ ಅಮೆರಿಕದ ಎಡ್ ಯೋಸ್ಟ್ ಪ್ರೊಪೇನ್ ಬರ್ನರ್ ಹಾಕಿ ಈಗಿನ ಬಲೂನಿಗೆ ದಾರಿ ಮಾಡಿಕೊಟ್ಟರು, ಅವರ ಕೈಯಲ್ಲೂ ಇರಲಿಲ್ಲ. ಬಟ್ಟೆ ಬದಲಾಯಿತು, ಬೆಂಕಿ ಬದಲಾಯಿತು, ಅದೊಂದು ಮಾತ್ರ ಹಾಗೇ ಇದೆ.

ಇನ್ನೊಂದು ಮೋಸ ಏನೆಂದರೆ, ಮೇಲೆ ಹೋದ ಮೇಲೆ ಗಾಳಿ ಗೊತ್ತೇ ಆಗುವುದಿಲ್ಲ. 25 ನಾಟ್ ವೇಗದಲ್ಲಿ ಹೋಗುತ್ತಿದ್ದರೂ ಬುಟ್ಟಿಯೊಳಗೆ ಬಿಚ್ಚಿಟ್ಟ ನಕ್ಷೆಯ ಮೂಲೆ ಕೂಡ ಏಳುವುದಿಲ್ಲ, ಯಾಕಂದ್ರೆ ನಾವು ಗಾಳಿಯ ಜೊತೆಗೇ ಹೋಗುತ್ತಿರುತ್ತೇವೆ. ನೆಲ ಹತ್ತಿರ ಬಂದಾಗಲೇ ವೇಗ ಕಣ್ಣಿಗೆ ಹೊಡೆಯುವುದು. ನಾಟ್ ಲೆಕ್ಕ ಇನ್ನೂ ಕೈಗೆ ಹತ್ತದವರಿಗೆ: 10 ನಾಟ್ ಅಂದರೆ ಗಂಟೆಗೆ ಸುಮಾರು 18.5 ಕಿಲೋಮೀಟರ್.

ಈಗ ಆ ಎಲೆ ಅಲ್ಲಾಡದ ಬೆಳಗಿಗೆ ಬರೋಣ. ಅದು ಯಾಕೆ ಅಷ್ಟು ಶಾಂತ?

ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಬಿಡುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಕೆಲವು ನೂರು ಅಡಿ ಮೇಲಿನ ಗಾಳಿ ಅಷ್ಟು ತಣ್ಣಗಾಗುವುದಿಲ್ಲ. ಹೀಗೆ ಕೆಳಗೆ ತಂಪು, ಮೇಲೆ ಬೆಚ್ಚಗೆ, ತಲೆಕೆಳಗಾದ ಲೆಕ್ಕ. ಇದಕ್ಕೇ ಇನ್ವರ್ಷನ್ ಅನ್ನುವುದು. ತಂಪು ಗಾಳಿ ಭಾರ, ಅದು ಕೆಳಗೇ ಕೂರುತ್ತದೆ. ನೀರಿನ ಮೇಲೆ ಎಣ್ಣೆ ನಿಂತ ಹಾಗೆ ಎರಡೂ ಬೆರೆಯದೆ ನಿಲ್ಲುತ್ತವೆ.

ಹಗಲಿನಲ್ಲಿ ಮೇಲಿನ ಗಾಳಿಗೂ ನೆಲಕ್ಕೂ ನಂಟು ಇರುತ್ತದೆ. ಮರ, ಮನೆ, ದಿಬ್ಬಗಳು ಅದನ್ನು ಹಿಡಿದು ಹಿಡಿದು ನಿಧಾನ ಮಾಡುತ್ತಿರುತ್ತವೆ. ರಾತ್ರಿ ಆ ನಂಟು ಕಡಿದುಹೋಗುತ್ತದೆ. ಹಿಡಿಯುವವರೇ ಇಲ್ಲದ ಗಾಳಿ ಮೇಲೆ ಜೋರಾಗಿ ಓಡಲು ಶುರು ಮಾಡುತ್ತದೆ. ನೆಲದಲ್ಲಿ 2 ನಾಟ್, ಸಾವಿರ ಅಡಿ ಮೇಲೆ 30 ನಾಟ್, ಇದೇನೂ ಅಪರೂಪದ ಸಂಗತಿಯಲ್ಲ. ಹವಾಮಾನದವರು ಇದನ್ನು ರಾತ್ರಿಯ ಜೆಟ್ ಅನ್ನುತ್ತಾರೆ. ನೆಲದ ಶಾಂತಿಗೂ ಮೇಲಿನ ಓಟಕ್ಕೂ ಕಾರಣ ಒಂದೇ ಅನ್ನುವುದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ಎಷ್ಟು ಸ್ತಬ್ಧವಾಗಿದೆಯೋ ನನಗೆ ಅಷ್ಟು ಅನುಮಾನ ಬರುವುದು ಅದಕ್ಕೇ.

ಸೂರ್ಯ ಹುಟ್ಟಿದ ಮೇಲೆ ನೆಲ ಬಿಸಿಯಾಗುತ್ತದೆ. ತಂಪಿನ ಪದರ ಕೆಳಗಿನಿಂದ ಕರಗುತ್ತಾ ಬರುತ್ತದೆ. ಒಂದು ಹೊತ್ತಿಗೆ ಆ ಕಲಸಾಟ ಮೇಲಿನ ಓಡುವ ಗಾಳಿಯನ್ನು ಮುಟ್ಟುತ್ತದೆ. ಅಷ್ಟೇ, ಆ ಗಾಳಿ ನೆಲಕ್ಕೆ ಇಳಿದುಬಿಡುತ್ತದೆ. ನಿಧಾನಕ್ಕೆ ಏನೂ ಏರುವುದಿಲ್ಲ. 4 ನಾಟ್ ಇದ್ದದ್ದು ಹತ್ತು ಹದಿನೈದು ನಿಮಿಷದಲ್ಲಿ 14, 15 ಆಗಬಹುದು. ಯಾವಾಗ ಇದು ಆಗುತ್ತದೆ ಅನ್ನುವುದು ಋತು, ಮೋಡ, ನೆಲದ ಹಸಿ ಇವುಗಳ ಮೇಲಿದೆ. ಸೂರ್ಯ ಹುಟ್ಟಿ ಒಂದೂವರೆಯಿಂದ ಮೂರು ಗಂಟೆಯೊಳಗೆ ಅಂತ ನಾನು ಇಟ್ಟುಕೊಳ್ಳುತ್ತೇನೆ. ಒಣ ನೆಲ, ಸುಡುವ ಬಿಸಿಲು ಇದ್ದರೆ ಇನ್ನೂ ಬೇಗ.

ನನಗೆ ಇದು ಪುಸ್ತಕದಿಂದ ಬಂದ ಬುದ್ಧಿಯಲ್ಲ. ಲೈಸೆನ್ಸ್ ಬಂದ ಹೊಸತು. ನೆಲದಲ್ಲಿ 3 ನಾಟ್ ಇದ್ದಾಗ ಏರಿದೆ. 1200 ಅಡಿಯಲ್ಲಿ ಜಿಪಿಎಸ್ 26 ನಾಟ್ ತೋರಿಸಿತು. ಒಳ್ಳೇ ದೂರ ಹೋಗಬಹುದು ಅಂತ ನನಗೆ ಖುಷಿಯೇ ಆಯಿತು ನೋಡಿ. ಒಂದು ಗಂಟೆ ನಲವತ್ತು ನಿಮಿಷ ಹಾರಿ ಇಳಿಯಲು ಬಂದೆ. 500 ಅಡಿಗೆ ಬಂದಾಗ ನಿಧಾನ ಆಗುತ್ತದೆ ಅಂದುಕೊಂಡೆ, ಆಗಲಿಲ್ಲ. 200 ಅಡಿ, ಆಗಲಿಲ್ಲ. ಮರದ ತುದಿ ಮಟ್ಟಕ್ಕೆ ಬಂದಾಗಲೂ 17 ನಾಟ್. ಬೇಲಿ ದಾಟಿದ ತಕ್ಷಣ ವಾಲ್ವ್ ಪೂರ್ತಿ ಎಳೆದೆ. ಬುಟ್ಟಿ ನೆಲಕ್ಕೆ ಬಡಿದು, ಮಗುಚಿ, ಉತ್ತ ಹೊಲದಲ್ಲಿ ಎಂಬತ್ತು ಹೆಜ್ಜೆ ಎಳೆದುಕೊಂಡು ಹೋಯಿತು. ಹೆಜ್ಜೆ ಆಮೇಲೆ ನಾನೇ ಅಳೆದದ್ದು. ಜೊತೆಗಿದ್ದ ಹುಡುಗ ಬಾಯಲ್ಲಿದ್ದ ಮಣ್ಣು ಉಗಿದು, "ಅಣ್ಣ, ಇಳಿಯೋದು ಅಂದ್ರೆ ದಿನಾ ಹೀಗೇನಾ?" ಅಂತ ಕೇಳಿದ. ಯಾರಿಗೂ ಪೆಟ್ಟಾಗಲಿಲ್ಲ. ನಾನು ಏನೂ ಉತ್ತರ ಕೊಡಲಿಲ್ಲ.

ಮನೆಗೆ ಬಂದು ಹಿಂದಿನ ರಾತ್ರಿಯ ಮುನ್ಸೂಚನೆ ತೆಗೆದು ನೋಡಿದರೆ, 2000 ಅಡಿಯಲ್ಲಿ 28 ನಾಟ್ ಅಂತ ಅದರಲ್ಲೇ ಬರೆದಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನೆಲದ ಗಾಳಿ 3 ಅಂತ ಇತ್ತಲ್ಲ, ಅಷ್ಟಕ್ಕೇ ಸಮಾಧಾನ ಆಗಿತ್ತು.

17 ನಾಟ್ ಅಂದರೆ 10ಕ್ಕಿಂತ 7 ಜಾಸ್ತಿ, ಅಷ್ಟೇ ತಾನೇ ಅನಿಸಬಹುದು. ಆದರೆ ಬಡಿತದ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 10ರ ಬದಲು 14 ನಾಟ್‌ನಲ್ಲಿ ಇಳಿದರೆ ತಡೆಯಬೇಕಾದ ಶಕ್ತಿ ಎರಡು ಪಟ್ಟು. 20ರಲ್ಲಿ ನಾಲ್ಕು ಪಟ್ಟು. ಹಾಗಾಗಿ ಇಳಿಯುವ ಹೊತ್ತಿಗೆ ನೆಲದ ಗಾಳಿ 10 ನಾಟ್ ಒಳಗೆ ಇರುತ್ತದೆ ಅನ್ನುವ ಭರವಸೆ ಇಲ್ಲದಿದ್ದರೆ ನಾನು ಬಲೂನ್ ಬಿಚ್ಚುವುದೇ ಇಲ್ಲ. 2000 ಅಡಿಯಲ್ಲಿ 20 ದಾಟಿದ್ದರೆ, ಹಾರಿದರೂ ನಲವತ್ತು ನಿಮಿಷಕ್ಕೆ ಇಳಿದುಬಿಡುತ್ತೇನೆ. ಇದು ನನ್ನ ಗೆರೆ. ನಿಮ್ಮ ಗೆರೆ ನೀವು ಹಾಕಿಕೊಳ್ಳಿ, ಆದರೆ ಹಿಂದಿನ ರಾತ್ರಿಯೇ ಹಾಕಿಕೊಳ್ಳಿ. ಬೆಳಿಗ್ಗೆ ಪ್ರಯಾಣಿಕರು ಕ್ಯಾಮೆರಾ ಹಿಡಿದು ನಿಂತಾಗ ಹಾಕುವ ಗೆರೆ ರಬ್ಬರಿನದು, ಎಷ್ಟು ಬೇಕಾದರೂ ಹಿಗ್ಗುತ್ತದೆ.

ಸರಿ, ಮುನ್ಸೂಚನೆ ಓದುವುದು ಹೇಗೆ?

ವಿಮಾನ ನಿಲ್ದಾಣದ ಮೆಟಾರ್, ಅಂದರೆ ಆ ಹೊತ್ತಿನ ಹವಾಮಾನ ವರದಿ, ಎಲ್ಲರೂ ನೋಡುತ್ತೀರಿ. ಅದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಆ ಗಾಳಿ ಅಳೆದದ್ದು ನೆಲದಿಂದ 10 ಮೀಟರ್ ಎತ್ತರದಲ್ಲಿ. ಗಾಳಿ ತುಂಬಿ ನಿಂತ ಸಾಧಾರಣ ಬಲೂನಿನ ನೆತ್ತಿ 20 ಮೀಟರ್ ಮೇಲಿರುತ್ತದೆ. ಅಂದರೆ ನಿಮ್ಮ ಬಲೂನಿನ ಅರ್ಧ ಭಾಗ ಮೆಟಾರ್‌ಗೆ ಗೊತ್ತಿಲ್ಲದ ಗಾಳಿಯಲ್ಲಿ ನಿಂತಿದೆ. ಇನ್ನೊಂದು ಗಸ್ಟ್, ಅಂದರೆ ಗಾಳಿ ತಟ್ಟನೆ ಜೋರಾಗಿ ಬೀಸುವುದು. ಸರಾಸರಿಗಿಂತ 10 ನಾಟ್ ಅಥವಾ ಜಾಸ್ತಿ ಏರಿದಾಗ ಮಾತ್ರ ಅದನ್ನು ಬರೆಯುವುದು ಸಾಮಾನ್ಯ ಪದ್ಧತಿ. ಹಾಗಾಗಿ ಸರಾಸರಿ 6 ಇದ್ದು ಆಗಾಗ 14ಕ್ಕೆ ಏರುತ್ತಿದ್ದರೂ ಹಾಳೆಯ ಮೇಲೆ ಕಾಣುವುದು ಬರೀ 6. ದೊಡ್ಡ ವಿಮಾನಕ್ಕೆ ಅದು ಲೆಕ್ಕಕ್ಕಿಲ್ಲ. ನಮಗೆ ಅದೇ ಎಲ್ಲ.

ಟ್ಯಾಫ್ ಅಂತ ವಿಮಾನ ನಿಲ್ದಾಣದ ಮುನ್ಸೂಚನೆ ಇದೆಯಲ್ಲ, ಅದು ನಿಲ್ದಾಣದ ಸುತ್ತ ಸುಮಾರು 8 ಕಿಲೋಮೀಟರಿನ ಮಾತು. ನೀವು ಹಾರುವ ಜಾಗ 40 ಕಿಲೋಮೀಟರ್ ಆಚೆ, ನಡುವೆ ಒಂದು ಗುಡ್ಡದ ಸಾಲು ಇದ್ದರೆ ಅದು ಪಕ್ಕದೂರಿನ ಸುದ್ದಿ. ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದಲ್ಲಿ ಇರುತ್ತದೆ, ದಿಕ್ಕು ಗಾಳಿ ಬರುವ ಕಡೆಯದು. ಇದನ್ನೂ ಹೇಳಬೇಕಾ ಅನ್ನಬೇಡಿ. ನಿದ್ದೆಗಣ್ಣಲ್ಲಿ 270 ಡಿಗ್ರಿ, ಅಂದರೆ ಪಶ್ಚಿಮದಿಂದ ಬರುವ ಗಾಳಿ, ಅಂತ ಓದಿ ಬಲೂನ್ ಹಿಂಬಾಲಿಸುವ ಕ್ರೂ ಗಾಡಿಯನ್ನು ಪಶ್ಚಿಮದ ಕಡೆಗೇ ಕಳಿಸಿದವರು ಇದ್ದಾರೆ.

ಇನ್ನು ಆಪ್‌ಗಳು. ಬಣ್ಣ ಬಣ್ಣದ ನಕ್ಷೆ, ಹರಿಯುವ ಗೆರೆ, ನೋಡಲು ಚೆಂದ. ಆಪ್ ಯಾವುದಾದರೂ ಇರಲಿ, ಹಿಂದೆ ಓಡುತ್ತಿರುವ ಮಾದರಿ, ಅಂದರೆ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಯಾವುದು ಅಂತ ಕೇಳಿ. ಯೂರೋಪಿನ ಇಸಿಎಂಡಬ್ಲ್ಯುಎಫ್ ಮಾದರಿ ಭೂಮಿಯನ್ನು ಸುಮಾರು 9 ಕಿಲೋಮೀಟರ್ ಚೌಕಗಳಲ್ಲಿ ನೋಡುತ್ತದೆ. ಅಮೆರಿಕದ ಜಿಎಫ್ಎಸ್ ಸುಮಾರು 13. ನಿಮ್ಮ ಕಣಿವೆ 3 ಕಿಲೋಮೀಟರ್ ಅಗಲ ಇದ್ದರೆ ಮಾದರಿಯ ಕಣ್ಣಿಗೆ ಅಲ್ಲಿ ಕಣಿವೆಯೇ ಇಲ್ಲ. ರಾತ್ರಿ ಇಳಿಜಾರಿನಲ್ಲಿ ಜಾರಿ ಬರುವ ತಂಪು ಗಾಳಿಯೂ ಇಲ್ಲ. ಅದನ್ನು ನೀವೇ ಕೂಡಿಸಿಕೊಳ್ಳಬೇಕು.

ಇಲ್ಲಿ ಒಂದು ಗುಂಡಿ ಇದೆ, ಹೊಸಬರು ತಪ್ಪದೇ ಬೀಳುವುದು. ಮೇಲಿನ ಗಾಳಿಯನ್ನು ಎಷ್ಟೋ ಆಪ್‌ಗಳು ಒತ್ತಡದ ಮಟ್ಟದಲ್ಲಿ ಕೊಡುತ್ತವೆ. 925 ಹೆಕ್ಟೋಪಾಸ್ಕಲ್ ಅಂದರೆ ಸುಮಾರು 2500 ಅಡಿ, 850 ಅಂದರೆ ಸುಮಾರು 5000 ಅಡಿ. ಎರಡೂ ಸಮುದ್ರ ಮಟ್ಟದಿಂದ. ನಿಮ್ಮ ಮೈದಾನವೇ 3000 ಅಡಿ ಎತ್ತರದಲ್ಲಿದ್ದರೆ 925ರ ಗಾಳಿ ಎಲ್ಲಿ ಬೀಸುತ್ತಿದೆ? ನಿಮ್ಮ ಕಾಲ ಕೆಳಗೆ, ಮಣ್ಣಿನೊಳಗೆ. ಮಾದರಿ ಅಲ್ಲಿಗೂ ಲೆಕ್ಕ ಹಾಕಿ ಒಂದು ಸಂಖ್ಯೆ ತುಂಬಿಸುತ್ತದೆ, ಆಪ್ ಅದಕ್ಕೂ ಒಂದು ಚಂದದ ಬಾಣ ಬಿಡಿಸುತ್ತದೆ. ಮಣ್ಣಿನೊಳಗಿನ ಗಾಳಿ ಓದಿ ಹಾರಿದವರನ್ನು ನಾನು ನೋಡಿದ್ದೇನೆ.

ಒಂದೇ ಸಲ ನೋಡಿ ಬಿಡಬೇಡಿ. ಜಿಎಫ್ಎಸ್ ದಿನಕ್ಕೆ 4 ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ಹಿಂದಿನ ದಿನ ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಮೂರು ಸಲ ಬರೆದಿಡಿ. ಮೂರು ಸಲವೂ ಒಂದೇ ಮಾತು ಹೇಳಿದರೆ ಸ್ವಲ್ಪ ನಂಬಬಹುದು. ಬೆಳಿಗ್ಗೆ 12, ಸಂಜೆ 22, ರಾತ್ರಿ 15 ಅಂದರೆ ಅದಕ್ಕೇ ಗೊತ್ತಿಲ್ಲ ಅಂತ ಅರ್ಥ. ಕೊನೆಯದು ಹಿತವಾಗಿದೆ ಅಂತ ಅದನ್ನೇ ಹಿಡಿದುಕೊಳ್ಳುವುದು ನಮ್ಮೆಲ್ಲರ ಚಾಳಿ.

ಮೈದಾನಕ್ಕೆ ಬಂದ ಮೇಲೆ ಪೈಬಾಲ್. ಒಂದು ಚಿಕ್ಕ ಹೀಲಿಯಂ ಬಲೂನು, ಕತ್ತಲಿದ್ದರೆ ಅದಕ್ಕೊಂದು ಪುಟ್ಟ ದೀಪ. ಬಿಟ್ಟು ಸುಮ್ನೆ ಯಾವ ಕಡೆ ಹೋಯಿತು ಅಂತ ನೋಡಿ ಬುಟ್ಟಿ ಇಳಿಸಲು ಓಡುತ್ತಾರೆ ಜನ. ನಿಂತು ನೋಡಿ, ಮಾರಾಯ್ರೆ. ಗಡಿಯಾರ ಹಿಡಿದು ನೋಡಿ. ತುಂಬಿಸಿದ್ದರ ಮೇಲೆ ಹೋಗುತ್ತದೆ, ಆದರೂ ನಿಮಿಷಕ್ಕೆ ನೂರು ಮೀಟರ್ ಆಸುಪಾಸು ಏರುತ್ತದೆ ಅಂತ ಇಟ್ಟುಕೊಳ್ಳಿ. ಮೊದಲ ಅರ್ಧ ನಿಮಿಷ ನೆಟ್ಟಗೆ ಏರಿತು, ಆಮೇಲೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಸರ್ರನೆ ವಾಲಿಕೊಂಡು ಹೋಯಿತು ಅಂದರೆ, ಅಲ್ಲಿ ಐವತ್ತು ಮೀಟರ್ ಎತ್ತರದಲ್ಲಿ ಎರಡು ಗಾಳಿಗಳ ಗಡಿ ಇದೆ. ನಾನು ಹೇಳಿದ ರಾತ್ರಿಯ ಓಟ ಅದೇ, ಕಣ್ಣಿಗೆ ಕಂಡಿತು. ಮೂರು ನಿಮಿಷ ಬಿಡದೆ ನೋಡಿ. ಹದಿನೈದು ನಿಮಿಷ ಬಿಟ್ಟು ಇನ್ನೊಂದು ಬಿಡಿ. ಎರಡನೆಯದು ಮೊದಲನೆಯದಕ್ಕಿಂತ ಬೇಗ ವಾಲಿದರೆ ಗಡಿ ಕೆಳಗೆ ಬರುತ್ತಿದೆ.

ಪೈಬಾಲ್ ಕೊಡುವ ಇನ್ನೊಂದು ವಿಷಯ ದಿಕ್ಕು. ಉತ್ತರಾರ್ಧ ಗೋಳದಲ್ಲಿ ಮೇಲೆ ಹೋದಂತೆ ಗಾಳಿ ಸಾಮಾನ್ಯವಾಗಿ ಬಲಕ್ಕೆ ತಿರುಗುತ್ತದೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ನೆಲದ ಹಿಡಿತ ಕಡಿಮೆಯಾಗುವುದೇ ಕಾರಣ. ನಮಗಿರುವ ಸ್ಟಿಯರಿಂಗ್ ಅಂದರೆ ಇದೇ. ಇದರ ಹೆಸರಾಂತ ಉದಾಹರಣೆ ಅಮೆರಿಕದ ಆಲ್ಬುಕರ್ಕಿ. ಅಲ್ಲಿ ಅಕ್ಟೋಬರ್ ಬೆಳಗಿನಲ್ಲಿ ತಂಪು ಗಾಳಿ ನದಿ ಕಣಿವೆ ಹಿಡಿದು ದಕ್ಷಿಣಕ್ಕೆ ಜಾರುತ್ತದೆ, ಅದರ ಮೇಲೆ ಉತ್ತರಕ್ಕೆ ಹೋಗುವ ಗಾಳಿ ಇರುತ್ತದೆ. ಕೆಳಗೆ ಹೋಗಿ, ಮೇಲೇರಿ, ವಾಪಸ್ ಬಂದು, ಹೊರಟ ಜಾಗದ ಹತ್ತಿರವೇ ಇಳಿಯುತ್ತಾರೆ. ಬಾಕ್ಸ್ ಅನ್ನುತ್ತಾರೆ ಅದಕ್ಕೆ. ನೋಡಿ ಹೊಟ್ಟೆ ಉರಿದುಕೊಳ್ಳಬಹುದು, ಅಷ್ಟೇ. ಅಲ್ಲಿ ಕೂಡ ದಿನಾ ಸಿಗುವುದಿಲ್ಲ.

ಏರುವ ಹೊತ್ತಿನ ಒಂದು ಅಪಾಯ ಮಾತ್ರ ಹೇಳಲೇಬೇಕು. ಮರದ ಸಾಲಿನ ಮರೆಯಲ್ಲಿ ಬಲೂನ್ ತುಂಬಿಸಿದ್ದೀರಿ. ಕೆಳಗೆ ಗಾಳಿಯಿಲ್ಲ, ನೆತ್ತಿಯ ಮೇಲೆ ಗಾಳಿ ಹರಿಯುತ್ತಿದೆ. ವಿಮಾನದ ರೆಕ್ಕೆಯ ಮೇಲೆ ಹರಿದ ಹಾಗೆ ಅದು ಬಲೂನನ್ನು ಮೇಲಕ್ಕೆ ಎಳೆಯುತ್ತದೆ. ಬುಟ್ಟಿ ಹಗುರಾಯಿತು ಅಂತ ಬಿಟ್ಟುಬಿಡುತ್ತೀರಿ. ಬಲೂನ್ ಗಾಳಿಯ ವೇಗ ಹಿಡಿದ ಕೂಡಲೇ ಆ ಎಳೆತ ಮಾಯ, ಬಲೂನ್ ಕೆಳಗೆ ಬರುತ್ತದೆ, ಮುಂದೆ ಇನ್ನೊಂದು ಮರದ ಸಾಲೋ ತಂತಿಯೋ ಇರುತ್ತದೆ. ಸುಳ್ಳು ಎತ್ತುವಿಕೆ ಅದು. ಅದಕ್ಕೇ ಗಾಳಿ ಇದ್ದ ದಿನ ಬೇಕಾದ್ದಕ್ಕಿಂತ ಜಾಸ್ತಿ ಬಿಸಿ ಮಾಡಿಯೇ ಬಿಡಬೇಕು.

ಬಿಸಿಯ ಮಾತು ಬಂತಲ್ಲ, ತೂಕದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 3000 ಘನ ಮೀಟರ್ ಬಲೂನು, ಒಳಗೆ ಸರಾಸರಿ 100 ಡಿಗ್ರಿ. ಸಮುದ್ರ ಮಟ್ಟದಲ್ಲಿ ಹೊರಗೆ 15 ಡಿಗ್ರಿ ಇದ್ದರೆ ಒಟ್ಟು ಸುಮಾರು 835 ಕಿಲೋ ಎತ್ತುತ್ತದೆ. ಹೊರಗೆ 30 ಡಿಗ್ರಿ ಆದರೆ ಸುಮಾರು 655. ನಡುವಿನ 180 ಕಿಲೋ ಅಂದರೆ ಇಬ್ಬರು ಮನುಷ್ಯರು, ಮೇಲೊಂದು ಸಿಲಿಂಡರ್. ಇನ್ವರ್ಷನ್ ದಿನ ಇದು ಹಾರುವಾಗಲೂ ಕೈಗೆ ಸಿಗುತ್ತದೆ: ಇಳಿಯುತ್ತಾ ಬರುತ್ತಿದ್ದ ಬಲೂನ್ ಒಂದು ಎತ್ತರದಲ್ಲಿ ದಿಂಬಿನ ಮೇಲೆ ಕೂತ ಹಾಗೆ ನಿಂತುಬಿಡುತ್ತದೆ, ಕೆಳಗೆ ಹೋಗಲು ಒಲ್ಲೆ ಅನ್ನುತ್ತದೆ. ಕೆಳಗೆ ತಂಪು ಗಾಳಿ, ಅದರಲ್ಲಿ ಎತ್ತುವ ಬಲ ಜಾಸ್ತಿ, ಅದಕ್ಕೆ. ಆ ಎತ್ತರ ಗುರುತು ಹಾಕಿಕೊಳ್ಳಿ. ತಂಪಿನ ಪದರದ ಚಾವಣಿ ಅದು, ಇನ್ನೂ ಒಡೆದಿಲ್ಲ.

ಮಂಜು. ತಾಪಮಾನಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟುವ ತಾಪಮಾನ) ನಡುವೆ 2 ಡಿಗ್ರಿ ಅಥವಾ ಕಡಿಮೆ ಇದ್ದು, ಗಾಳಿಯೂ ಇಲ್ಲದಿದ್ದರೆ ನನಗೆ ಕಾಯುವ ಮನಸ್ಸು. ಸೂರ್ಯ ಬಂದರೆ ಮಂಜು ಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊದಲ ಅರ್ಧ ಮುಕ್ಕಾಲು ಗಂಟೆ ಎಷ್ಟೋ ಸಲ ತಿರುಗುಮುರುಗು. ಬಿಸಿಲಿಗೆ ಸ್ವಲ್ಪ ಕಲಸಾಟ ಶುರುವಾಗಿ ನೆಲದ ತೇವ ಮೇಲೆದ್ದು ಮಂಜು ದಪ್ಪವಾಗುತ್ತದೆ. ತಿಳಿಯಾಗಿದ್ದಾಗ ಏರಿದವರಿಗೆ ಇಳಿಯುವಾಗ ನೆಲವೇ ಕಾಣುವುದಿಲ್ಲ.

2016ರ ಜುಲೈ 30ರಂದು ಟೆಕ್ಸಸ್‌ನ ಲಾಕ್‌ಹಾರ್ಟ್ ಹತ್ತಿರ ನಡೆದ ಅಪಘಾತ ಕೇಳಿರುತ್ತೀರಿ. ಪೈಲಟ್ ಸೇರಿ ಬಲೂನಿನಲ್ಲಿದ್ದ 16 ಜನರೂ ಸತ್ತರು. ಹಾರುವ ಮುಂಚೆ ಫೋನಿನಲ್ಲಿ ಹವಾಮಾನ ಹೇಳಿದವರು ಮೋಡ ತೊಂದರೆ ಕೊಡಬಹುದು ಅಂತ ಎಚ್ಚರಿಸಿದ್ದರು. ಏರಿದರು, ಕೆಳಗೆ ಮೋಡ ಮಂಜು ಮುಚ್ಚಿತು, ಅದರೊಳಗೆ ಇಳಿಯುವಾಗ ಹೈ ಟೆನ್ಷನ್ ತಂತಿ. ಮುನ್ಸೂಚನೆ ಅಲ್ಲಿ ಸೋತಿರಲಿಲ್ಲ. ಈ ಭಾಗ ಹೇಳುವಾಗ ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ, ನಾನೂ ಬೇಗ ಮುಂದೆ ಹೋದೆ.

ಗುಡುಗು ಮೋಡದ ಬಗ್ಗೆ ಚರ್ಚೆಯೇ ಬೇಡ. "ದೂರ ಇದೆಯಲ್ಲ ಸರ್" ಅನ್ನುತ್ತಾರೆ. ಮಳೆಯ ಜೊತೆ ನೆಲಕ್ಕೆ ಬಿದ್ದ ತಂಪು ಗಾಳಿ ಸುತ್ತಲೂ ಹರಡುತ್ತಾ ಹತ್ತಾರು ಕಿಲೋಮೀಟರ್ ಬರುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿರುತ್ತದೆ, ಒಂದೇ ನಿಮಿಷದಲ್ಲಿ 5 ನಾಟ್ ಇದ್ದದ್ದು 30 ಆಗುತ್ತದೆ. ನಾನು 100 ಕಿಲೋಮೀಟರ್ ಒಳಗೆ ಅಂಥ ಮೋಡ ಇದ್ದರೆ, ಬೆಳೆಯುವ ಲಕ್ಷಣ ಇದ್ದರೂ ಸಾಕು, ಹಾರುವುದಿಲ್ಲ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆ ರಾಗಿ ಭತ್ತ ತೂರುವವರಿಗೆ ಸರಿ. ನಾವು ಗಾಳಿ ಬಂದಾಗ ಮಡಚಿಕೋ ಅನ್ನುವ ಜಾತಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, "ಸಂಜೆ ಹಾರಿದರೆ ಈ ತಾಪತ್ರಯ ಇಲ್ಲ ಅಲ್ವಾ? ಗಾಳಿ ಕಡಿಮೆ ಆಗ್ತಾ ಹೋಗುತ್ತೆ." ಒಳ್ಳೇ ಪ್ರಶ್ನೆ. ಇಳಿಯುವ ಹೊತ್ತಿನ ಗಾಳಿ ಸಾಮಾನ್ಯವಾಗಿ ಏರುವ ಹೊತ್ತಿಗಿಂತ ಶಾಂತ, ನಿಜ. ಆದರೆ ಬಿಸಿ ನೆಲದ ಥರ್ಮಲ್‌ಗಳು, ಅಂದರೆ ನೆಲದಿಂದ ಮೇಲೇಳುವ ಬಿಸಿ ಗಾಳಿ, ಸಾಯಬೇಕು, ಅವು ಸಾಯುವುದು ಸೂರ್ಯ ಮುಳುಗಲು ಒಂದೂವರೆ, ಎರಡು ಗಂಟೆ ಇದ್ದಾಗ. ಅಲ್ಲಿಯವರೆಗೆ ಕಾಯಬೇಕು. ಕಾದು ಕಾದು, ಕಡಿಮೆ ಆಯಿತು ಅಂತ ಏರುವಷ್ಟರಲ್ಲಿ ಬೆಳಕು ಇರುವುದು ಮುಕ್ಕಾಲು ಗಂಟೆ. ಅಷ್ಟರೊಳಗೆ ದೊಡ್ಡ ಹೊಲ ಸಿಗಬೇಕು, ತಂತಿ ಕಾಣಬೇಕು, ದಾರಿಗೆ ಹತ್ತಿರ ಇರಬೇಕು. ಬೆಳಿಗ್ಗೆ ಇಳಿಯುವ ಜಾಗ ತಪ್ಪಿದರೆ ಇನ್ನೊಂದಕ್ಕೆ ಕಾಯುತ್ತೇನೆ. ಸಂಜೆ ಒಂದು ಹೊಲ ಕೈಬಿಟ್ಟು ಮುಂದೆ ನೋಡಿದರೆ ಮುಂದಿನದು ಆಗಲೇ ಕಪ್ಪಗೆ ಕಾಣುತ್ತಿರುತ್ತದೆ.

"ಹಾಗಾದ್ರೆ ಸಂಜೆ ನೀವು ಹಾರಲ್ವಾ?" ಅಂದರು. ಹಾರುತ್ತೇನೆ. ಮೂರೂವರೆಗೆ ಮೈದಾನಕ್ಕೆ ಹೋಗಿ ಪೈಬಾಲ್ ಬಿಡುತ್ತಾ ಕೂರುತ್ತೇನೆ. ಹತ್ತರಲ್ಲಿ ಆರು ಸಲ ವಾಪಸ್ ಬರುತ್ತೇನೆ.